ಅಮಾವಾಸ್ಯೆಯಂದು ಹೆಣ್ಣು ನೋಡಲು ಬಂದವರು

ಸಂಸ್ಕೃತಿಯ ರಕ್ಷಕರೇ, ಪಂಚಾಂಗದ ವೀಕ್ಷಕರೇ, ಇಂದು ತಿರುಪ್ಪೂರಿನ ನನ್ನ ಮನೆಯಲ್ಲಿ ನಡೆದ ಅನಾಚಾರವನ್ನು ಕೇಳಿ. ಪಲ್ಲಡಂನಿಂದ ನಮ್ಮದೇ ಕುಲದವರು ಹೂವು ಹಣ್ಣು ಹಿಡಿದು ನನ್ನ ಮಗಳನ್ನು ನೋಡಲು ಬಂದರು. ಅದೂ ಅಮಾವಾಸ್ಯೆಯ ದಿನ! ಅವರ ಹಾಗೆ ನಾಲ್ಕು ತಲೆಮಾರು ಈ ತಮಿಳು ನಾಡಿನಲ್ಲಿ ನೆಲೆಸಿದರೆ ಸಂಸ್ಕೃತಿ ಹೀಗೆಯೇ ಹಳಸುತ್ತದೆ.

"ನಮ್ಮ ಮೈಸೂರು ಕಡೆ ಈ ದಿನ ಯಾವ ಶುಭಕಾರ್ಯಾನೂ ಮಾಡಲ್ಲ," ಎಂದೆ.

ಹುಡುಗನ ತಂದೆ ನಕ್ಕರು. "ಇಲ್ಲಿ ಅಮಾವಾಸೆನೇ ರೊಂಬ ಒಳ್ಳೆ ದಿನಂಗ, ಸಾರ್. ನಿಮಗೆ ಸಂಬಳ ಕೊಡೋ ಬನಿಯನ್ ಕಂಪನಿ ಮೊದಲಾಳಿ ಟೆಲೆಕ್ಸ್ ಮಿಷಿನ್‌ಗೆ ಪೂಜೆ ಹಾಕಿದ್ದೂ ಅಮಾವಾಸೆಲಿ ತಾನೆ? ಪೊಂಗಲ್ ನೀವೂ ತಿಂದ್ರಿ ಅಲ್ವಾಂಗ?"

"ಅದು ವ್ಯಾಪಾರ, ಇದು ಆಚಾರ!" ಪ್ರಾಸ ಕೂಡಿತೆಂದರೆ ವಾದ ಗೆದ್ದಂತೆಯೇ ನನಗೆ.

"ಹೂ ತಂದವರನ್ನ ಹಾಗೇ ಕಳಿಸ್ತೀರೇನ್ರೀ? ಮಗಳ ಮುಖ ನೋಡಿ," ಎಂದಳು ಹೆಂಡತಿ. ಮಗಳು ಸೀರೆಯುಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಅತ್ತ ನೋಡಲಿಲ್ಲ. ಕೈಮುಗಿದು ಅವರನ್ನು ಸಾಗಹಾಕಿದೆ.

ಮಿತ್ರರೇ, ಹುಣ್ಣಿಮೆಗೆ ಬಂದಿದ್ದರೂ ಸಾಗಹಾಕುತ್ತಿದ್ದೆ. ಹುಡುಗ ಪವರ್‌ಲೂಮ್ ಓಡಿಸುತ್ತಾನೆ. ಬಿ.ಎ. ಓದಿದ ನನಗೆ ಅಂಥ ಅಳಿಯನೆಂದು ಆಫೀಸಿನಲ್ಲಿ ಹೇಳಿಕೊಳ್ಳಲು ನಾಚಿಕೆ.