ಜಿಂಕಿ ನೋಡಿದ ನದಿ

ನಮ್ಮ ಮನೆಯ ಹಿರಿಯರು ಕತೆ ಹೇಳುವುದರಲ್ಲಿ ಎತ್ತಿದ ಕೈ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಕುಳಿತರೆಂದರೆ ಸತ್ತವರು ಬಾಗಿಲು ಬಡಿದದ್ದು, ಹೊಳೆಯ ದಂಡೆಯಲ್ಲಿ ದೀಪವೊಂದು ತಾನೇ ನಡೆದುಹೋದದ್ದು ಒಂದಾದ ಮೇಲೊಂದು ಬರುತ್ತಿದ್ದವು. ನಾಲ್ಕು ಮಾತು ಕೂಡಿಸಿ ಹೇಳುವುದನ್ನು ನಾನು ಕಲಿತದ್ದು ಅವರಿಂದಲೇ. ಆದರೆ ಅವರ ಕತೆಗಳನ್ನು ಮಾತ್ರ ನಂಬಲಿಲ್ಲ. "ನೀ ಕಣ್ಣಾರೆ ನೋಡೀಯೇನು ಮುತ್ಯಾ?" ಎಂದು ಅಜ್ಜನನ್ನು ಕೇಳುತ್ತಿದ್ದೆ. "ನಾ ನೋಡಿಲ್ಲಪಾ, ನೋಡಿದಂವ ನನಗ ಹೇಳ್ಯಾನ" ಎನ್ನುತ್ತಿದ್ದರು. ನನ್ನ ಪಾಲಿಗೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಈಗ ಹೇಳಹೊರಟದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹಾಗಂತ ಇದು ಅಮಾವಾಸ್ಯೆಯ ರಾತ್ರಿಯ ಕತೆಯಲ್ಲ, ಇದರಲ್ಲಿ ದೆವ್ವವೂ ಇಲ್ಲ. ನಡೆದದ್ದು ಹಾಡಹಗಲು, ಜಮಖಂಡಿಯ ಬಸ್ ನಿಲ್ದಾಣದ ಹತ್ತಿರ, ಹುಡುಗರು ಕಿಕ್ಕಿರಿದಿದ್ದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಇದ್ದದ್ದು ಒಂದು ನಾಯಿ ಮತ್ತು ಒಂದು ಯುದ್ಧದ ವಿಡಿಯೋ ಗೇಮು. ನಗು ಬಂದರೆ ನಕ್ಕುಬಿಡಿ. ಮೊದಮೊದಲು ನಾನೂ ನಕ್ಕವನೇ.

ಮೊಬೈಲಿನಲ್ಲಿ ಆಟ ಎಂದರೆ ಹಾವು ಹರಿದಾಡಿಸುವುದು ಮಾತ್ರ ಎಂದಿದ್ದ ಕಾಲ ಅದು. ನಾನು ಜಮಖಂಡಿಯಲ್ಲಿ ಪದವಿ ಓದುತ್ತಿದ್ದೆ. ದಸ್ತಗೀರ ಕಾಕಾ ಎಂಬವರ ಸೈಬರ್ ಕೆಫೆಗೆ ಜನ ಬರುತ್ತಿದ್ದದ್ದು ಪರೀಕ್ಷೆಯ ಫಲಿತಾಂಶ ನೋಡಲು, ನೌಕರಿಗೆ ಅರ್ಜಿ ಹಾಕಲು. ನಾವು ಹೋಗುತ್ತಿದ್ದದ್ದು ಆಟಕ್ಕೆ. ಎರಡನೆಯ ಮಹಾಯುದ್ಧದ ಆಟವೊಂದು ಆಗ ನಮ್ಮನ್ನೆಲ್ಲ ಹಿಡಿದು ಕೂರಿಸಿತ್ತು. ಬರೀ ಗುಂಡು ಹಾರಿಸುವ ಆಟವಲ್ಲ ಅದು. ಗಾಳಿಪಟದ ಹಾಗೆ ಮೇಲಿನಿಂದ ಇಡೀ ರಣಭೂಮಿಯನ್ನು ನೋಡುತ್ತ, ಈ ತುಕಡಿ ಸೇತುವೆ ಕಾಯಲಿ, ಆ ಟ್ಯಾಂಕು ಮರಗಳ ಹಿಂದೆ ನಿಲ್ಲಲಿ ಎಂದು ದಂಡು ನಡೆಸಬೇಕು. ಬೇಕೆನಿಸಿದಾಗ ಕೆಳಗಿಳಿದು ಯಾವನೋ ಒಬ್ಬ ಸೈನಿಕನ ಕಣ್ಣೊಳಗೆ ಹೊಕ್ಕು, ಅವನ ಬಂದೂಕು ಹಿಡಿದು ನೀವೇ ಹೊಡೆದಾಡಬೇಕು. ನಮ್ಮ ಸೈನಿಕರ ಕಣ್ಣಿಗೆ ಬೀಳದ ಜಾಗವೆಲ್ಲ ಪರದೆಯ ಮೇಲೆ ಕಪ್ಪು. ವೈರಿ ಆ ಕಪ್ಪಿನೊಳಗೆ ಎಲ್ಲಿದ್ದಾನೋ ದೇವರೇ ಬಲ್ಲ. ಎರಡು ಕಂಪ್ಯೂಟರುಗಳಿಗೆ ವೈರು ಜೋಡಿಸಿ ಇಬ್ಬರು ಎದುರುಬದುರಾಗಿ ಆಡಬಹುದಿತ್ತು.

ನನ್ನ ಗೆಳೆಯ ಮಲ್ಲು ಹುನ್ನೂರಿನವನು. ಆಟದಲ್ಲಿ ಪಳಗಿದ ಕೈ, ಆದರೆ ಮೂಗಿನ ಮೇಲೆ ಸಿಟ್ಟು. ಅವನ ಜೀವವೆಲ್ಲ ಜಿಂಕಿ ಎಂಬ ನಾಯಿಯ ಮೇಲೆ. ಮುಧೋಳ ತಳಿ, ಬೂದಿ ಬಣ್ಣ, ತೆಳ್ಳನೆಯ ನಡು. ಮರಿಯಿದ್ದಾಗ ತಾಯಿ ಹತ್ತಿರ ಬಿಟ್ಟುಕೊಳ್ಳದ ಇದಕ್ಕೆ ಅರಳೆಯ ಬತ್ತಿಯಿಂದ ಹಾಲು ಹಿಂಡಿ ಹಿಂಡಿ ಉಳಿಸಿದವನು ಅವನೇ. ಕಬ್ಬಿನ ಹಂಗಾಮಿನಲ್ಲಿ ಮಾತ್ರ ಗಲಗಲಿಯಿಂದ ಅವನ ಸೋದರಮಾವ ಬಂದು ಜಿಂಕಿಯನ್ನು ಕರೆದೊಯ್ಯುತ್ತಿದ್ದ. ಕಬ್ಬು ಕಡಿಯುತ್ತ ಬಂದಂತೆ ಹೊಲದಲ್ಲಿದ್ದ ಕಾಡುಹಂದಿಗಳೆಲ್ಲ ಕೊನೆಗುಳಿದ ಪಟ್ಟಿಯೊಳಗೆ ಸೇರಿಕೊಳ್ಳುತ್ತವೆ. ಯಾವ ಕಡೆಯಿಂದ ನುಗ್ಗಿ ಯಾರ ತೊಡೆ ಸೀಳುತ್ತವೋ ಹೇಳಲಾಗದು. ಆಗ ನಾಯಿ ಹಿಡಿದವನು ಕಬ್ಬಿನ ಕಡೆ ನೋಡುವುದಿಲ್ಲ. ನಾಯಿಯ ಮುಖ ನೋಡುತ್ತಾನೆ. ಅದರ ಮೂತಿ ಎತ್ತ ತಿರುಗಿ ಬಿಗಿಯುತ್ತದೋ ಅಲ್ಲಿಂದ ಕೂಲಿಯವರನ್ನು ಸರಿಸುತ್ತಾನೆ. ನಾನೂ ಒಮ್ಮೆ ಮಲ್ಲುವಿನ ಜೊತೆ ಹೋಗಿ ನೋಡಿದ್ದೆ. ಅದರಲ್ಲೇನೂ ಸೋಜಿಗವಿರಲಿಲ್ಲ. ನಾಯಿಗೆ ವಾಸನೆಯಿದೆ, ಕಿವಿಯಿದೆ.

ಸೋಜಿಗ ಶುರುವಾದದ್ದು ಶಂಕರನಿಂದ. ಶಂಕರ ಬನಹಟ್ಟಿಯವನು, ಮನೆಯಲ್ಲಿ ಸೀರೆ ನೇಯುವ ವಿದ್ಯುತ್ ಮಗ್ಗಗಳು. ಒಮ್ಮೆ ಮಲ್ಲುವಿನ ಮನೆಗೆ ಬಂದಾಗ ಜಿಂಕಿಯನ್ನು ಕಂಡು ಮನಸೋತಿದ್ದ. ಕೊಡು ಎಂದು ಎಷ್ಟೋ ಸಲ ಕೇಳಿದ್ದ, ಮಲ್ಲು ಪ್ರತಿಸಲವೂ ಬೈದು ಕಳಿಸಿದ್ದ. ಒಂದು ದಿನ ಕೆಫೆಯಲ್ಲಿ ಎಲ್ಲರೆದುರು ಶಂಕರ ಕೆಣಕಿದ: "ಕಬ್ಬಿನ ಹೊಲದಾಗ ಹಂದಿ ಓಡಸಾಂವಗ ದಂಡು ನಡಸಾಕ ಬರತೈತೇನ್ಲೇ?"

"ಮಗ್ಗದ ಲಾಳಿ ಓಡಿಸಿದಂಗಲ್ಲ ಮಗನ ಇದು. ಬಾ, ಒಂದ ಆಟ ಆಡಿ ತೋರ್ಸು," ಎಂದ ಮಲ್ಲು.

"ಜಿಂಕೀನ ಪಣಕ್ಕ ಹಚ್ಚು, ಬರ್ತೀನಿ. ನಾ ಸೋತರ ಈ ಮೊಬೈಲ ನಿಂದು." ಬಣ್ಣದ ಪರದೆಯ ಹೊಸ ಮೊಬೈಲನ್ನು ಶಂಕರ ಮೇಜಿನ ಮೇಲಿಟ್ಟ.

"ಆತ್ಲೇ! ಗೆದ್ದರ ತಗೊಂಡ ಹೋಗು!"

ಬಾಯಿಂದ ಜಾರಿಬಿಟ್ಟಿತು. ಹತ್ತು ಮಂದಿಯ ಮುಂದೆ ಆಡಿದ ಮಾತು. ತಿಳಿದಾಗ ಅವನವ್ವ ಎರಡು ದಿನ ಅವನಿಗೆ ರೊಟ್ಟಿ ಬಡಿಯಲಿಲ್ಲವಂತೆ.

ಆಟದ ದಿನ ನಾಯಿಯೂ ಅಲ್ಲೇ ಇರಬೇಕೆಂದು ಶಂಕರ ಹಟ ಹಿಡಿದ. ಸೋತ ಮೇಲೆ ಜಿಂಕಿ ಎಲ್ಲೋ ಓಡಿಹೋಯಿತು ಎಂದುಬಿಟ್ಟರೆ ಏನು ಮಾಡುವುದು ಎಂಬ ಸಂಶಯ ಅವನಿಗೆ. ಮಧ್ಯಾಹ್ನದ ಹೊತ್ತು ನಾವು ನಾಯಿಯೊಂದಿಗೆ ಒಳಗೆ ಕಾಲಿಟ್ಟಾಗ ದಸ್ತಗೀರ ಕಾಕಾ ಹಣೆ ಬಡಿದುಕೊಂಡರು. "ಇದೇನ ದನದ ದವಾಖಾನಿ ಅಂದ್ಕೊಂಡೀರೇನ್ರೋ? ಕೀಬೋರ್ಡ್ ಮ್ಯಾಲೆ ಕಾಲ ಎತ್ತೀತು, ಹಿಡೀರಿ!" ಎನ್ನುತ್ತಲೇ ಅದಕ್ಕೊಂದು ಬಟ್ಟಲು ನೀರಿಟ್ಟರು.

ಮಲ್ಲುವಿನ ಕಂಪ್ಯೂಟರು ಮುಂದಿನ ಕೋಣೆಯಲ್ಲಿ, ಶಂಕರನದು ಹಿಂದಿನ ಕೋಣೆಯಲ್ಲಿ. ನಡುವೆ ಇಟ್ಟಿಗೆಯ ಗೋಡೆ. ಮೋಸ ಆಗಬಾರದೆಂದು ನಡುವಿನ ಬಾಗಿಲು ಹಾಕಿ, ಕಾಕಾ ಬಿಟ್ಟರೆ ಯಾರೂ ಅತ್ತಿತ್ತ ಓಡಾಡಕೂಡದು ಎಂದು ಕರಾರು ಮಾಡಿದ್ದರು. ನಾನು ಮಲ್ಲುವಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದೆ. ಜಿಂಕಿ ನಮ್ಮಿಬ್ಬರ ನಡುವೆ ನೆಲದ ಮೇಲೆ ಮಲಗಿತ್ತು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಜಿಂಕಿ ಎದ್ದು ಕುಳಿತು ಪರದೆಯ ಕಡೆ ಮೂತಿ ಎತ್ತಿತು. ನೋಡುತ್ತಿದ್ದದ್ದು ಬಲಗಡೆಯ ಮೇಲಿನ ಮೂಲೆ. ಅಲ್ಲಿ ಕಪ್ಪು ಬಿಟ್ಟರೆ ಏನೂ ಇರಲಿಲ್ಲ. ನೊಣ ಕೂತಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಅದೇ ಮೂಲೆಯಿಂದ ಶಂಕರನ ಟ್ಯಾಂಕುಗಳು ಹೊರಬಂದು ಮಲ್ಲುವಿನ ಒಂದು ತುಕಡಿಯನ್ನು ಪುಡಿ ಮಾಡಿದವು.

ಆಮೇಲೆ ಅದರ ಮೂತಿ ಎಡಗಡೆಯ ಮರಗಳತ್ತ ತಿರುಗಿತು. ಈಗ ನನಗೆ ಕುತೂಹಲ. ಪರದೆ ಬಿಟ್ಟು ನಾಯಿಯನ್ನೇ ನೋಡತೊಡಗಿದೆ. "ಮಲ್ಲೂ, ಎಡಕ್ಕ ನೋಡ್ಲೇ. ಜಿಂಕಿ ಅಲ್ಲೇ ನೋಡಾಕತ್ತೈತಿ," ಎಂದೆ.

"ಆಟ ನೋಡೋ ಮಾರಾಯಾ! ನಾಯಿ ಏನ ನೋಡ್ತಿ?" ಎಂದು ಗದರಿದ.

ಮರಗಳ ನಡುವಿನಿಂದಲೇ ಶಂಕರನ ಸೈನಿಕರು ಬಂದರು. ಮಲ್ಲುವಿನ ಫಿರಂಗಿಗಳಲ್ಲಿ ಒಂದೇ ಉಳಿಯಿತು. ನಮ್ಮ ಹಿಂದೆ ನಿಂತವರು ಗುಸುಗುಸು ಆರಂಭಿಸಿದರು. ಯಾವನೋ ಒಬ್ಬ, "ಜಿಂಕೀಗಿ ಬನಹಟ್ಟಿ ಬಸ್ ಹತ್ಸೂದೊಂದ ಬಾಕಿ," ಎಂದ. ಮಲ್ಲುವಿನ ಮುಖ ಸಣ್ಣದಾಗಿತ್ತು. ಮೌಸು ಹಿಡಿದ ಕೈ ಬೆವರಿ ಜಾರುತ್ತಿತ್ತು, ಅಂಗಿಗೆ ಒರೆಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಕಾಕಾ ಪಕ್ಕದ ಹೋಟೆಲಿನಿಂದ ಚಹಾ ತಂದು ನಮಗೆ ಕೊಟ್ಟರು, ಆಮೇಲೆ ಬಾಗಿಲು ಸರಿಸಿ ಹಿಂದಿನ ಕೋಣೆಗೆ ಹೋದರು. ಈ ಚಹಾವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಕಾಕಾ ನನ್ನ ಕೈಗೆ ಚಹಾ ಕೊಡುವಾಗಲೇ ಜಿಂಕಿ ಪರದೆಯ ಕೆಳಭಾಗವನ್ನು ನೋಡುತ್ತಿತ್ತು. ಅಲ್ಲಿದ್ದದ್ದು ನದಿ. ಆ ನದಿಯಲ್ಲಿ ಯಾರೂ ಬರುತ್ತಿರಲಿಲ್ಲ. ದೋಣಿಗಳಿದ್ದವು ನಿಜ, ಆದರೆ ದೋಣಿ ಹತ್ತಿದ ಸೈನಿಕರು ದಡದಲ್ಲಿ ಒಬ್ಬನೇ ಬಂದೂಕಿನವನಿದ್ದರೂ ಸಾಯುತ್ತಾರೆ. ಹಾಗಾಗಿ ಆಡುವವರೆಲ್ಲ ಸೇತುವೆಗೇ ಬಡಿದಾಡುತ್ತಿದ್ದರು.

ಈ ಸಲ ನಾನು ಬಾಯಿ ಬಿಡಲಿಲ್ಲ. ಮಲ್ಲು ತಾನೇ ಕತ್ತು ಹೊರಳಿಸಿ ಜಿಂಕಿಯನ್ನು ನೋಡಿದ. ಕಿವಿ ಹಿಂದಕ್ಕೆ ಮಲಗಿದ್ದವು, ಬೆನ್ನಿನ ಚರ್ಮ ಸಣ್ಣಗೆ ನಡುಗುತ್ತಿತ್ತು. ಕಬ್ಬಿನ ಹೊಲದಲ್ಲಿ ಅವನ ಮಾವ ನೋಡುತ್ತಿದ್ದ ಹಾಗೆಯೇ ಇವನೂ ಅದರ ಮುಖ ನೋಡಿದ. ಆಮೇಲೆ ಸೇತುವೆ ಕಾಯುತ್ತಿದ್ದ ತನ್ನ ಕೊನೆಯ ಸೈನಿಕರನ್ನೆಲ್ಲ ಎಬ್ಬಿಸಿ ನದಿಯ ದಡಕ್ಕೆ ಇಳಿಸಿಬಿಟ್ಟ.

ಹಿಂದೆ ನಿಂತವರು ಹೌಹಾರಿದರು. "ಹುಚ್ಚ ಹಿಡೀತೇನ್ಲೇ? ಸೇತುವಿ ಖಾಲಿ ಬಿಟ್ಟೀಯಲ್ಲೋ!" ಸೇತುವೆ ನಿಜವಾಗಿಯೂ ಖಾಲಿ. ಶಂಕರ ಆಗ ಒಂದೇ ಒಂದು ಟ್ಯಾಂಕು ಅದರ ಮೇಲೆ ಕಳಿಸಿದ್ದರೂ ಆಟ ಮುಗಿಯುತ್ತಿತ್ತು, ಜಿಂಕಿ ಹೋಗುತ್ತಿತ್ತು. ಏನೂ ಬರಲಿಲ್ಲ. ಸೇತುವೆಯ ಮೇಲೂ ಇಲ್ಲ, ನದಿಯಲ್ಲೂ ಇಲ್ಲ. ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗಿ ಕೆನೆಗಟ್ಟಿತು. ಮಲ್ಲುವಿನ ತುಟಿ ಏನನ್ನೋ ಪಠಿಸುತ್ತಿತ್ತು. ಜಿಂಕಿ ಮಾತ್ರ ಕಣ್ಣು ಕದಲಿಸಲಿಲ್ಲ.

ಆಮೇಲೆ ಕಪ್ಪಿನೊಳಗಿಂದ ಮೊದಲ ದೋಣಿಯ ಮೂತಿ ಕಾಣಿಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಶಂಕರ ತನ್ನ ಬಹುಪಾಲು ದಂಡನ್ನೇ ನೀರಿಗಿಳಿಸಿದ್ದ. ಮಲ್ಲು ದಡದ ಮೇಲಿದ್ದ ಮಷಿನ್ ಗನ್ನಿನವನ ಕಣ್ಣೊಳಗೆ ಹೊಕ್ಕು ಕುಳಿತ. ಮುಂದೆ ನಡೆದದ್ದನ್ನು ವರ್ಣಿಸಬೇಕಿಲ್ಲ. ಒಂದು ದೋಣಿಯೂ ದಡ ಮುಟ್ಟಲಿಲ್ಲ, ಆಟ ಮಲ್ಲುವಿನದಾಯಿತು. ನಮ್ಮ ಹುಡುಗರು ಹಾಕಿದ ಕೇಕೆಗೆ ಹೊರಗಿನ ಪಾನ್ ಅಂಗಡಿಯವನೂ ಓಡಿಬಂದ. ಮಲ್ಲು ಕುರ್ಚಿಯಿಂದ ಜಾರಿ ನೆಲಕ್ಕೆ ಕುಳಿತು ಜಿಂಕಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿಬಿಟ್ಟ.

ಬಾಗಿಲು ದಡಕ್ಕನೆ ತೆರೆದು ಶಂಕರ ಬಂದ. "ನದಿ ಹೆಂಗ ಗೊತ್ತಾತು? ಯಾರ ಹೇಳಿದ್ರು? ಖರೆ ಹೇಳ್ರಿ!" ಎಂದು ಕೂಗಾಡಿದ. ಕೈಕೈ ಮಿಲಾಯಿಸುವ ಹಾಗಾಗಿತ್ತು. ನಾನೇ ನಡುವೆ ಹೋಗಿ ನಡೆದದ್ದು ಹೇಳಿದೆ. ಎಲ್ಲರೂ ಗೊಳ್ಳೆಂದು ನಕ್ಕರು. ಶಂಕರ ನಗಲಿಲ್ಲ.

"ಅದು ನದಿ ನೋಡಾಕ ಹತ್ತಿದ್ದು ಯಾವಾಗ?" ಎಂದು ಕೇಳಿದ.

"ಕಾಕಾ ಚಹಾ ತಂದಾಗ. ಇನ್ನೂ ನಿಮ್ಮ ಹಿಂದಿನ ಖೋಲಿಗೆ ಬಂದಿರಲಿಲ್ಲ ಅವರು," ಎಂದೆ.

ಶಂಕರ ತನ್ನ ಹಿಂದಿದ್ದವರ ಮುಖ ನೋಡಿದ. "ಚಹಾ ಬಂದಾಗ ನಮ್ಮ ಟ್ಯಾಂಕೆಲ್ಲ ಸೇತುವಿ ದಾರ್ಯಾಗ ನಿಂತಿದ್ವು," ಎಂದ ಅವರಲ್ಲೊಬ್ಬ. "ಚಹಾ ಕುಡದು ಸೇತುವಿ ಮ್ಯಾಲೆ ನುಗ್ಗೂಣು ಅಂದಿದ್ದ ಇಂವ."

"ಹೌದು," ಎಂದ ಶಂಕರ, ಮೆಲ್ಲಗೆ. "ಕುಡದು ಕಪ್ ಕೆಳಗಿಟ್ಟ ಮ್ಯಾಲೆ ದೋಣಿ ನೆನಪಾತು. ಅಲ್ಲೀತನಕ ನದಿ ವಿಚಾರ ನನ್ನ ತಲ್ಯಾಗನ ಇರಲಿಲ್ಲ."

ಮೊದಲೆರಡು ಸಲದ್ದಕ್ಕೆ ನಾನು ಆಗಲೇ ಮನಸ್ಸಿನಲ್ಲಿ ಕಾರಣ ಹುಡುಕಿಟ್ಟುಕೊಂಡಿದ್ದೆ. ಗೋಡೆಯಾಚೆ ಅವರಾಡಿದ ಮಾತು ನಮಗೆ ಕೇಳದಿದ್ದರೂ ನಾಯಿಗೆ ಕೇಳಿರಬಹುದು, ಅವರ ಗಡಿಬಿಡಿ ಅದಕ್ಕೆ ತಿಳಿದಿರಬಹುದು. ಆದರೆ ಯಾರೂ ಇನ್ನೂ ಆಡದ ಮಾತನ್ನು, ಯಾರ ತಲೆಗೂ ಹೊಳೆಯದ ವಿಚಾರವನ್ನು ಯಾವ ಕಿವಿ ಕೇಳೀತು?

ಶಂಕರ ಮೊಬೈಲನ್ನು ಮಲ್ಲುವಿನ ಮುಂದೆ ಚಾಚಿದ. ಮಲ್ಲು ತೆಗೆದುಕೊಳ್ಳಲಿಲ್ಲ. ಜಿಂಕಿ ಅಷ್ಟರಲ್ಲಿ ಎಂದಿನ ನಾಯಿಯಾಗಿ ಬಟ್ಟಲಿನ ನೀರು ಕುಡಿಯುತ್ತಿತ್ತು. ಅಷ್ಟು ದಿನ ಅದಕ್ಕಾಗಿ ಹಂಬಲಿಸಿದವನು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೈ ಚಾಚಿದ, ಆದರೆ ಮುಟ್ಟಲಿಲ್ಲ. "ಬ್ಯಾಡಪಾ ನನಗಿದು," ಎಂದ. "ಗೆದ್ದಿದ್ರೂ ಒಯ್ತಿರಲಿಲ್ಲ ಈಗ."

ನಾನು ಸುಮ್ಮನೆ ಬಿಡಲಿಲ್ಲ. ಕಾಕಾನ ಕೈಕಾಲು ಹಿಡಿದು ಮತ್ತೂ ಕೆಲವು ಸಲ ಜಿಂಕಿಯನ್ನು ಕೆಫೆಗೆ ಕರೆದೊಯ್ದೆ, ಅದೇ ಆಟ ಹಚ್ಚಿ ಕೂರಿಸಿದೆ. ಅದು ಮೇಜಿನ ಕೆಳಗೆ ಸುರುಳಿಯಾಗಿ ಮಲಗಿ ನಿದ್ದೆ ಹೋಯಿತು. ಪಶುವೈದ್ಯರೊಬ್ಬರನ್ನು ಕೇಳಿದೆ. ಹಳೆಯ ದಪ್ಪ ಮಾನಿಟರಿನ ಚಿತ್ರ ನಾಯಿಯ ಕಣ್ಣಿಗೆ ಬರೀ ಮಿಣಮಿಣ ಬೆಳಕಾಗಿ ಕಾಣುತ್ತದೆ, ನದಿ ಯಾವುದು ಸೇತುವೆ ಯಾವುದು ಅದಕ್ಕೇನು ಗೊತ್ತು ಎಂದರು. ಗಲಗಲಿಯ ಮಾವನಿಗೆ ಹೇಳಿದರೆ ಆತನಿಗೆ ಅಚ್ಚರಿಯೇ ಆಗಲಿಲ್ಲ. "ಕಬ್ಬಿನ್ಯಾಗಿನ ಹಂದೀದೂ ಹಂಗಽ ತಮ್ಮಾ. ಯಾ ಕಡೆ ಓಡಬೇಕಂತ ಅದಕ್ಕೂ ಗೊತ್ತಿರೂದಿಲ್ಲ," ಎಂದು ಎತ್ತುಗಳಿಗೆ ಮೇವು ಹಾಕಲು ಹೋದ.

ಜಿಂಕಿ ಮಲ್ಲುವಿನ ಮನೆಯಲ್ಲೇ ಮುಪ್ಪಾಗಿ ಸತ್ತು ಬಹಳ ಕಾಲವಾಯಿತು. ಶಂಕರ ಈಗ ಮಗ್ಗಗಳ ಯಜಮಾನ. ಕಳೆದ ಸಲ ಬನಹಟ್ಟಿಗೆ ಹೋದಾಗ, ಮಗ್ಗಗಳ ಗದ್ದಲ ತಪ್ಪಿಸಲು ಹೊರಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ತಾನೇ ಆ ಮಾತು ತೆಗೆದ. "ನೀ ಓದಿದಾಂವ, ಹೇಳು. ನದ್ಯಾಗ ಹೋಗೂ ವಿಚಾರ ನಂದೋ, ಆ ನಾಯೀದೋ?"

ಗೊತ್ತಿಲ್ಲ ಎಂದೆ.

"ಈಗೂ ಏನರೆ ದೊಡ್ಡ ವಿಚಾರ ಹೊಳೀತಂದ್ರ, ಒಮ್ಮೆ ಹಿಂದ ತಿರಗಿ ನೋಡ್ತೀನಿ," ಎಂದ ಶಂಕರ. "ಯಾರರೆ ಮದಲಽ ನೋಡ್ಕೋತ ಕುಂತಾರೇನೋ ಅಂತ."

ತಮಾಷೆಗೆ ಅಂದನೆಂದುಕೊಂಡು ಅವನ ಮುಖ ನೋಡಿದೆ. ತಮಾಷೆ ಇರಲಿಲ್ಲ.