ಹೆಸರು ಹೊಡೆಸದ ಡಬ್ಬಿ

ಇವತ್ತು ಬೆಳಿಗ್ಗೆ ಯಜಮಾನರಿಗೆ ಬುತ್ತಿ ಕಟ್ಟಿ ಕಳಿಸಿ, ಹಾಲು ಕಾಯಿಸಿಟ್ಟು, ಅಗಸೆ ಹುರಿಯಲು ನಿಂತೆ. ಬಾಣಲೆಯಲ್ಲಿ ಅಗಸೆ ಚಟಪಟ ಅನ್ನುವಾಗ ಬರುವ ಆ ಕಮ್ಮನೆ ವಾಸನೆಗೆ ಕೈ ನಿಂತುಬಿಟ್ಟಿತು. ಪುಡಿ ತುಂಬಿಡಲು ಡಬ್ಬಿ ಹುಡುಕಿದರೆ ಸಿಕ್ಕಿದ್ದೂ ಅದೇ... ಡಾಕ್ಟರಮ್ಮನ ಸ್ಟೀಲ್ ಡಬ್ಬಿ.

ಅವರನ್ನು ಮೊದಲು ಕಂಡದ್ದು ಮಲೆಬೆನ್ನೂರು ಬಸ್ಸಿನಲ್ಲಿ. ಅದರಾಚೆಯ ನನ್ನ ತವರೂರಿನ ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದಿದ್ದರು. ಮುಖದಲ್ಲಿ ಇನ್ನೂ ಹಾಸ್ಟೆಲಿನ ಹುಡುಗಿಯ ಕಳೆ. ಸಕ್ಕರೆ ಕಾಯಿಲೆಯ ನನ್ನ ಅಮ್ಮನಿಗೆ ಕಾಲಿನಲ್ಲಿ ಹುಣ್ಣಾಗಿತ್ತು. ನಾನು ವಾರಕ್ಕೊಮ್ಮೆ ದಾವಣಗೆರೆಯಿಂದ ಹೋಗಿ ನೋಡಿ ಬರುತ್ತಿದ್ದೆ. ಉಳಿದ ದಿನ ಅಮ್ಮನ ಪಟ್ಟಿ ಬದಲಿಸುತ್ತಿದ್ದವರು ಅವರೇ. ಅದೂ ಮನೆಗೇ ಬಂದು.

ಕರೆಯದೆ ಮನೆಗೆ ಬರುವ ಡಾಕ್ಟರನ್ನು ನಮ್ಮೂರು ಕಂಡಿರಲಿಲ್ಲ. ಜೊತೆಗೆ, ಸಂಜೆಯಾದರೆ ಅವರು ತಪ್ಪದೆ ದಾವಣಗೆರೆ ಬಸ್ಸಿಗೆ ಓಡುತ್ತಿದ್ದರು.

"ಅಲ್ಲಿ ಸ್ವಂತ ಕ್ಲಿನಿಕ್ ಇಟ್ಟಾಳೆ ಬಿಡು. ಇಲ್ಲಿಗೆ ಬರಾದು ಸಂಬಳಕ್ಕೆ," ಅಂದಳು ಅಮ್ಮ.

"ನಿನ್ ಕಾಲು ಹಿಡ್ದು ಪಟ್ಟಿ ಕಟ್ತಾರಲ್ಲಮ್ಮ, ಪಾಪ."

"ಅದಕ್ಕೇ ಹೇಳಾದು. ಸುಮ್ಸುಮ್ನೆ ಯಾರು ಯಾರ ಕಾಲು ಹಿಡೀತಾರೆ?"

ನನಗೂ ಬಸ್ಸಿನಲ್ಲಿ ಕಿವಿ ಅತ್ತಲೇ ಇರುತ್ತಿತ್ತು. ಅವರ ಚಪ್ಪಲಿಯ ಪಟ್ಟಿಗೆ ಸೇಫ್ಟಿ ಪಿನ್ನು ಚುಚ್ಚಿತ್ತು; ಸ್ವಂತ ಕ್ಲಿನಿಕ್ಕಿನವರ ಚಪ್ಪಲಿ ಹಾಗಿರುತ್ತದೆಯೇ? ಆದರೆ ಹರಿಹರ ಬರುವಷ್ಟರಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಫೋನಿನಲ್ಲಿ ಕೇಳುತ್ತಿದ್ದರು: "ಸಿಕ್ತಾ?... ಅದೂ ಇಲ್ವಾ?... ಹೋಗ್ಲಿ ಬಿಡಿ ಸಿಸ್ಟರ್." ದಾವಣಗೆರೆಯ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಹುಡುಕುತ್ತಿದ್ದಾರೆ ಎಂದುಕೊಂಡೆ. ನಾನು ತಿರುಗಿ ನೋಡಿದರೆ ಫೋನು ಚೀಲ ಸೇರುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ, ನಮ್ಮೂರಲ್ಲಿ ಇರ್ತೀರೋ, ಹೋಗ್ತೀರೋ ಅಂತ.

"ಇರ್ಬೇಕು ಅಂತಾನೇ ಬಂದಿದ್ದು ಆಂಟಿ," ಅಂದರು.

'ಇರ್ತೀನಿ' ಅನ್ನಲಿಲ್ಲ. ಆ ವ್ಯತ್ಯಾಸವನ್ನು ಮನೆ ತಲುಪುವ ತನಕ ಮೆಲುಕು ಹಾಕಿದೆ.

ಆ ವಾರವೇ ಅಮ್ಮನಿಗೆ ಈ ಡಬ್ಬಿಯಲ್ಲಿ ಅಗಸೆ ಪುಡಿ ತಂದುಕೊಟ್ಟರು. ಅವರು ಹೊಸ್ತಿಲು ದಾಟಿ ಹೊರಹೋದದ್ದೇ ತಡ, ಅಮ್ಮ ಡಬ್ಬಿಯನ್ನು ಮೇಲೆತ್ತಿ ತಳ ನೋಡಿದಳು. ನಮ್ಮ ಕಡೆ ಪಾತ್ರೆಗಳ ಮೇಲೆ ಹೆಸರು, ಮನೆತನ ಎಲ್ಲ ಹೊಡೆಸಿರುತ್ತೇವೆ. ಓದಿದರೆ ಯಾರ ಮನೆಯವರು, ಯಾವ ಜಾತಿಯ ಪೈಕಿ ಅಂತ ತಿಳಿದುಬಿಡುತ್ತದೆ. ಇದರ ಮೇಲೆ ಒಂದಕ್ಷರವೂ ಇರಲಿಲ್ಲ.

"ಹೆಸ್ರೇ ಹೊಡ್ಸಿಲ್ಲ ನೋಡು. ಏನೋ ಮುಚ್ಚಿಡ್ತಾಳೆ. ನಂಗ್ ಬ್ಯಾಡ, ನೀನೇ ತಗಂಡು ಹೋಗು."

ಪುಡಿ ರುಚಿಯಾಗಿತ್ತು...

ಮುಂದಿನ ವಾರ ಬಸ್ಸಿನಲ್ಲಿ ಅವರಿರಲಿಲ್ಲ. ಅದರ ಮುಂದಿನ ವಾರವೂ. ಕೆಲಸ ಬಿಟ್ಟು ದಾವಣಗೆರೆಯ ಖಾಸಗಿ ಆಸ್ಪತ್ರೆ ಸೇರಿದರಂತೆ. "ನಾ ಹೇಳ್ಲಿಲ್ಲಾ?" ಅಂದಳು ಅಮ್ಮ, ಗೆದ್ದವಳ ಹಾಗೆ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಡಾಕ್ಟರಿಗೆ ಹುಣ್ಣು ತೋರಿಸಲು ಹರಿಹರದ ತನಕ ಬರಲು ಅಮ್ಮ ಒಪ್ಪಲಿಲ್ಲ, ನನ್ನ ಮನೆಗೆ ಬರಲೂ ಒಪ್ಪಲಿಲ್ಲ. ಹುಣ್ಣು ಮೇಲೇರಿತು. ಮೊದಲು ಕಾಲು ಹೋಯಿತು, ಆಮೇಲೆ ಅಮ್ಮ...

ಇವತ್ತು ಬೆಳಿಗ್ಗೆ ಡಬ್ಬಿ ತೊಳೆದು ಒರೆಸುವಾಗಲೂ ಮನಸ್ಸಿನಲ್ಲಿ ಅದೇ ಹಳೆಯ ಮಾತು: ಹೋಗುವವರು ಹೇಳಿಯಾದರೂ ಹೋಗಬಾರದಿತ್ತೇ? ಪುಡಿ ಕೊಟ್ಟು ಕಣ್ಣೊರೆಸಿದರೇ?

ಸಂಜೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಅವರ ಗಂಡನ ಊರೂ ನನ್ನ ತವರೂರೇ. ನಾನು ಮೊಸರು ಹಾಕಿಕೊಡುವಷ್ಟರಲ್ಲಿ ಕಟ್ಟೆಯ ಮೇಲಿದ್ದ ಡಬ್ಬಿ ಎತ್ತಿ ತಳ ನೋಡಿದರು.

"ಹೆಸ್ರಿಲ್ಲಲ್ರಿ, ಯಾರದಿದು?"

ಹೇಳಿದೆ.

"ಓ, ಆ ಡಾಕ್ಟ್ರಾ? ಊರಾಗಿನ ನಮ್ ಖಾಲಿ ಮನಿ ಬಾಡಿಗೆಗೆ ಕೇಳಿದ್ರು ಕಣ್ರಿ. ನಮ್ದೊಂದೇ ಅಲ್ಲ, ಆಸ್ಪತ್ರೆ ಸಿಸ್ಟರನ್ನ ಕಳಿಸಿ ಊರೆಲ್ಲ ಕೇಳ್ಸಿದ್ರು. ನಮ್ಮತ್ತೆ 'ಯಾವ ಪೈಕಿ ಅಮ್ಮ ನೀವು' ಅಂದ್ರೆ, 'ಡಾಕ್ಟ್ರ ಪೈಕಿ' ಅಂದ್ರಂತೆ! ಹಂಗಂದ್ರೆ ಯಾರು ಮನಿ ಕೊಡ್ತಾರೆ ಹೇಳ್ರಿ?... ಮೊಸರು ಬಾಳ ಹುಳಿ ಇಲ್ಲಲ್ರಿ?"