ಹೊಳೆದಂಡೆಯಲ್ಲಿ ಗಿರಿಜಾಳನ್ನು ಕರೆದದ್ದು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನೀವು ನಂಬಲೇಬೇಕೆಂಬ ಹಟವೂ ಇಲ್ಲ. ಆದರೆ ಹರಿಹರದ ಹೊಳೆದಂಡೆಯಲ್ಲಿ ಹಾಡಹಗಲು ನನ್ನ ಕಿವಿಗೆ ಬಿದ್ದದ್ದನ್ನು ಬಿದ್ದಿಲ್ಲ ಎನ್ನಲು ನನ್ನಿಂದಾಗದು.

ದಾವಣಗೆರೆಯ ಆನೆಕೊಂಡದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಗಿರಿಜಾ ಅಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹರಿಹರ ತಾಲ್ಲೂಕಿನ ಸಾರಥಿ ಎಂಬ ಹಳ್ಳಿಯ ತವರುಮನೆಗೆ ಬಂದು, ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಮಷೀನಿನ ಮುಂದೆ ಕೂತರೆ ಅವಳಿಗೆ ಲೋಕವೇ ಬೇಡ. ಯಾರು ಕರೆದರೂ ತಲೆ ಎತ್ತದೆ "ಬಂದೆ, ತಡಿಯವ್ವ" ಎನ್ನುವಳು. ಕರೆದವರು ಗಂಡಸರಾದರೂ ಅದೇ ಉತ್ತರ. ಅದನ್ನೇ ಹಿಡಿದು ನಾವೆಲ್ಲ ಅವಳನ್ನು ಕಾಡಿಸುತ್ತಿದ್ದೆವು. ಒಂದು ಸಂಜೆ ಎಂದಿನಂತೆ ಬಸ್ ಹತ್ತಿದಳು. ಹರಿಹರದಲ್ಲಿ ಇಳಿದದ್ದನ್ನು ಕಂಡವರಿದ್ದಾರೆ. ಮನೆಗೆ ಮಾತ್ರ ಬರಲಿಲ್ಲ.

ಅವಳ ತಾಯಿ ಕೊಟ್ರಮ್ಮನ ಜೊತೆ ನಾನೂ ಠಾಣೆಗೆ ಹೋದೆ. ಮೇಜಿನ ಆಚೆ ಕೂತವನು ಕೇಳಿದ ಮೊದಲ ಮಾತು, "ಯಾರ್ ಜೊತೆ ಹೋದ್ಲು ಅಂತ ನಿಮಗೇನರ ಗೊತ್ತೈತಾ?" ನನ್ನ ಮೈ ಉರಿದುಹೋಯಿತು. ನೆನೆದರೆ ಇವತ್ತಿಗೂ ಉರಿಯುತ್ತದೆ. ಎಮ್ಮೆ ಕಳೆದರೆ ಯಾವ ಕಡೆ ಹೋಯಿತು ಎಂದು ಕೇಳುತ್ತಾರೆ. ಗಂಡ ಸತ್ತ ಹೆಂಗಸು ಕಾಣೆಯಾದರೆ ಯಾರ ಜೊತೆ ಎಂದು ಕೇಳುತ್ತಾರೆ. ಆಮೇಲೆ ವರ್ಷಗಟ್ಟಲೆ "ತಡೀರಿ, ಹುಡುಕ್ತಿದೀವಿ" ಎಂಬ ಒಂದೇ ಪಾಠ. ಸಾಹೇಬರು ಬದಲಾಗುತ್ತಿದ್ದರು. ಪ್ರತಿ ಹೊಸಬರ ಮುಂದೆಯೂ ಆ ಮುದುಕಿ ಮೊದಲಿನಿಂದ ಹೇಳಿಕೊಳ್ಳಬೇಕಿತ್ತು.

ಮನೆಯವರು ಇನ್ನೂ ಕಡೆ. ಗಿರಿಜಾಳ ಅಣ್ಣ ಬಸವರಾಜ, ಆ ಹೆಸರನ್ನೇ ಮನೆಯಲ್ಲಿ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿಬಿಟ್ಟ. ಹನ್ನೆರಡು ವರ್ಷ ಕಾಣದವರಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸುವ ಪದ್ಧತಿ ಇದೆಯಲ್ಲ, ಅದಕ್ಕಾಗಿ ಅವನು ಕಾದು ಕೂತಿದ್ದ. ಹನ್ನೆರಡು ತುಂಬುವ ಹೊತ್ತಿಗೆ ಅವನ ಮಗಳಿಗೆ ಗಂಡು ಗೊತ್ತಾಗಿತ್ತು. ಓಡಿಹೋದ ಸೋದರತ್ತೆಗಿಂತ ಸತ್ತ ಸೋದರತ್ತೆ ವಾಸಿ ಎಂದು ಬೀಗರು ಅಂದರಂತೆ. ಕರ್ಮ ಮುಗಿಸಿ, ಇನ್ನು ಹುಡುಕುವುದು ಬೇಡವೆಂದು ಠಾಣೆಗೂ ಹೇಳಿ ಬರುವುದಾಗಿ ಅವನು ತೀರ್ಮಾನಿಸಿದ. ಕೊಟ್ರಮ್ಮ ಊಟ ಬಿಟ್ಟು ಅತ್ತಳು. ಯಾರೂ ಕೇಳಲಿಲ್ಲ. ನೀನಾದರೂ ಜೊತೆಗಿರು ಎಂದು ನನ್ನನ್ನು ಕರೆಸಿಕೊಂಡಳು.

ಅವತ್ತು ಬಿಸಿಲು ಚೆನ್ನಾಗಿ ಏರಿತ್ತು. ಹೊಳೆಯಲ್ಲಿ ನೀರು ಕಡಿಮೆ. ಗೊಂಬೆಗೆ ಗಿರಿಜಾಳ ಹಳೇ ಸೀರೆಯ ತುಂಡು ಸುತ್ತಿದ್ದರು. ಬೆಂಕಿ ಇಡುವ ಮುಂಚೆ ಹೆತ್ತವಳು ನೀರಿನ ಕಡೆ ತಿರುಗಿ ಮೂರು ಸಲ ಹೆಸರು ಹಿಡಿದು ಕರೆಯುವುದು ಅವರ ಮನೆತನದ ರೂಢಿ. ಕೊಟ್ರಮ್ಮ ಬಾಯಿ ಬಿಡಲೊಲ್ಲಳು. ಮಗ ಗದರಿದ ಮೇಲೆ "ಗಿರಿಜಾ" ಎಂದಳು. ಮತ್ತೊಮ್ಮೆ ಎಂದಳು. ಮೂರನೆಯ ಸಲ ಅವಳ ಗಂಟಲು ಕಿತ್ತುಬರುವಂತೆ ಕೂಗಿದಳು.

"ಬಂದೆ, ತಡಿಯವ್ವ."

ಕೂಗಿದ ದನಿಯಲ್ಲ. ಪಕ್ಕದ ಕೋಣೆಯಲ್ಲಿ ಹೊಲಿಯುತ್ತಾ ಕೂತವಳು ಹೇಳಿದಷ್ಟು ಸಲೀಸು. ನೀರಿನ ಕಡೆಯಿಂದಲೋ ನಮ್ಮ ಬೆನ್ನ ಹಿಂದಿನಿಂದಲೋ ತಿಳಿಯಲಿಲ್ಲ. ನಾನು ದಂಡೆಯ ಮೆಟ್ಟಿಲು ಹತ್ತಿ ಸುತ್ತಲೂ ನೋಡಿದೆ. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ಬೇರೆ ಹೆಂಗಸೇ ಇರಲಿಲ್ಲ. ಬಸವರಾಜನ ಮುಖ ಬಿಳಿಚಿಕೊಂಡಿತ್ತು. ಕರ್ಮ ಮಾಡಿಸುತ್ತಿದ್ದ ಅಯ್ಯನವರು ಕೈಲಿದ್ದ ಕರ್ಪೂರವನ್ನು ಕೆಳಗಿಟ್ಟರು.

"ಉತ್ತರ ಬಂದೈತೆ. ನಾ ಬೆಂಕಿ ಇಡಂಗಿಲ್ರಿ" ಎಂದು ಎದ್ದುಬಿಟ್ಟರು.

ಈಗ ಕೇಳಿದರೆ ಬಸವರಾಜ ಏನೂ ಕೇಳಿಸಲೇ ಇಲ್ಲ ಎನ್ನುತ್ತಾನೆ. ಸುಳ್ಳ. ಆ ದನಿ ಯಾರದೋ ನನಗೆ ಗೊತ್ತಿಲ್ಲ. ಅವಳು ಬದುಕಿದ್ದಾಳೆ ಎಂದೂ ಹೇಳಲಾರೆ, ಸತ್ತಿದ್ದಾಳೆ ಎಂದೂ ಹೇಳಲಾರೆ. ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಅಷ್ಟು ವರ್ಷಗಳಲ್ಲಿ ಅವಳನ್ನು ಬಾಯಿಬಿಟ್ಟು ಕರೆದದ್ದು ಅವತ್ತೇ ಮೊದಲು, ಅದೂ ಸುಡುವುದಕ್ಕೆ.

ಮರುದಿನ ಕೊಟ್ರಮ್ಮ ನನ್ನನ್ನು ಕರೆದುಕೊಂಡು ಮತ್ತೆ ಠಾಣೆಗೆ ಹೋದಳು. ಮಗಳು ಓಗೊಟ್ಟಿದ್ದಾಳೆ, ಹುಡುಕಿಕೊಡಿ ಎಂದಳು. ಅಲ್ಲಿದ್ದವರು ನಕ್ಕರು. ನಾನು ಸುಮ್ಮನಿರಲಿಲ್ಲ, ಬಾಯಿಗೆ ಬಂದಂತೆ ಬೈದೆ. ಅಷ್ಟಾದರೂ ಕೊನೆಗೆ ಬಂದದ್ದು ಅದೇ ಮಾತು, ತಡೀರಿ ನೋಡೋಣ. ಸಾಕು ನಡಿ ಎಂದು ನಾನು ಅವಳ ತೋಳು ಹಿಡಿದು ಎಳೆದೆ. ಅವಳು ಕೈ ಬಿಡಿಸಿಕೊಂಡಳು.

"ಅಕಿ ತಡಿ ಅಂದಾಳ ತಂಗಿ. ಇವ್ರೂ ತಡೀರಿ ಅಂತಾರ. ನಾ ತಡಿಯೋದು ಅಕಿ ಮಾತಿಗೆ, ಇವ್ರ ಮಾತಿಗಲ್ಲ."

ಹಾಗೆಂದು ಸೆರಗು ಸಿಕ್ಕಿಸಿಕೊಂಡು, ಸಾಹೇಬರ ಎದುರಿನ ಬೆಂಚಿನ ಮೇಲೆ ಹೋಗಿ ಕೂತಳು.